ಚೆಕ್ಸ್ ಶರ್ಟು, ಬ್ಯಾಂಕಿನ ಚೆಕ್ಕು, ಚದುರಂಗದ ‘ಚೆಕ್’: ಮೂರೂ ಒಂದೇ ಪದವೇ?

ಪದಕುತೂಹಲಿ:
ಇಂಗ್ಲಿಷಿನ ‘ಚೆಕ್’ಗೆ ನಿಘಂಟಿನಲ್ಲಿ ತಡೆ, ತಪಾಸಣೆ, ಚೌಕುಳಿ ಬಟ್ಟೆ, ಹಣದ ಚೀಟಿ, ರಾಜನಿಗೆ ಕೊಡುವ ಎಚ್ಚರಿಕೆ ಎಂದು ಸಾಲುಗಟ್ಟಿ ಅರ್ಥಗಳಿವೆ. ಒಂದಕ್ಕೊಂದು ಸಂಬಂಧವೇ ಕಾಣುತ್ತಿಲ್ಲ. ಒಂದೇ ಬೇರಿನವೋ, ಉಚ್ಚಾರಣೆ ಮಾತ್ರ ಒಂದೋ? ಬ್ಯಾಂಕಿನ ಚೆಕ್ಕಿಗೆ ಸ್ಪೆಲಿಂಗ್ ಬೇರೆ ಯಾಕೆ? ‘ಚೆಕ್‌ಮೇಟ್’ ಅಂದರೆ ‘ರಾಜ ಸತ್ತ’ ಅನ್ನುವುದು ಸರಿಯೇ?

ಹಳೆಗಂಟು:
ಒಂದೇ ಬೇರು: ಪಾರಸಿಯ ‘ಶಾಹ್’, ರಾಜ. ನಮ್ಮ ‘ಚತುರಂಗ’ ಪರ್ಷಿಯಾದಲ್ಲಿ ‘ಚತ್ರಂಗ್’ ಆಯಿತು, ಅರಬರ ಬಾಯಲ್ಲಿ ‘ಶತರಂಜ್’. ಎದುರಾಳಿಯ ರಾಜನ ಮೇಲೆ ಕಾಯಿ ಏರಿದಾಗ ‘ಶಾಹ್!’ ಎಂದು ಎಚ್ಚರಿಸುವ ರೂಢಿಯಿತ್ತು. ಅದೇ ಹಳೆ ಫ್ರೆಂಚಿನಲ್ಲಿ ‘ಎಶೆಕ್’ ಆಗಿ, ಇಂಗ್ಲಿಷಿಗೆ ಬರುವಾಗ ಮೊದಲ ಸ್ವರ ಉದುರಿ ‘ಚೆಕ್’ ಆಯಿತು. ಆ ಫ್ರೆಂಚ್ ಪದದ ಬಹುವಚನವೇ ‘ಚೆಸ್’.

ಶಾಹ್ ಅಂದಮೇಲೆ ಎದುರಾಳಿ ಮಿಕ್ಕೆಲ್ಲ ಲೆಕ್ಕಾಚಾರ ಬಿಟ್ಟು ರಾಜನನ್ನು ಕಾಯಲೇಬೇಕು. ತಡೆ, ಹತೋಟಿ ಎಂಬ ಅರ್ಥ ಹುಟ್ಟಿದ್ದು ಅಲ್ಲಿಂದ. ತಾಳೆ ನೋಡುವುದು, ತಪಾಸಣೆ ಎಂಬುದು ಬಹಳ ತಡವಾಗಿ, 17ನೇ ಶತಮಾನದ ಕೊನೆಯ ಹೊತ್ತಿಗೆ ಬಳಕೆಗೆ ಬಂತು. ಶರ್ಟಿನ ಚೆಕ್ಸ್ ಬಂದದ್ದು ಈ ಎಚ್ಚರಿಕೆಯಿಂದಲ್ಲ, ಆಟದ ಮಣೆಯ ಮನೆಗಳಿಂದ.

‘ರಾಜ ಸತ್ತ’ ಅನ್ನುವುದು ಅರಬಿಯ ‘ಮಾತ’ (ಸತ್ತ) ನೋಡಿ ಆದ ಗೊಂದಲ. ಪಾರಸಿಯ ‘ಮಾತ್’ ಅಂದರೆ ದಿಕ್ಕುತೋಚದ, ಕೈಸೋತ. ಆಟದ ನಿಯಮವೂ ಹಾಗೇ ಇದೆಯಲ್ಲ, ರಾಜನನ್ನು ಯಾರೂ ಹೊಡೆಯುವುದಿಲ್ಲ.

ಕಡತಬೇಟೆ:
ಸ್ಪೆಲಿಂಗಿನ ಹಿಂದೆ ಇಂಗ್ಲೆಂಡಿನ ಖಜಾನೆ ಇದೆ. ಅದರ ಹೆಸರು ‘ಎಕ್ಸ್‌ಚೆಕರ್’, ಅಂದರೆ ಚದುರಂಗದ ಮಣೆ. 12ನೇ ಶತಮಾನದಲ್ಲಿ ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಜ್‌ನೀಲ್ ಅದನ್ನು ಬಣ್ಣಿಸಿದ್ದಾನೆ: ಸುಮಾರು 10 ಅಡಿ ಉದ್ದ, 5 ಅಡಿ ಅಗಲದ ಮೇಜು, ಲೆಕ್ಕಕ್ಕೆ ಇಡುವ ಬಿಲ್ಲೆ ಉರುಳದಂತೆ ನಾಲ್ಕು ಬೆರಳೆತ್ತರದ ಅಂಚು, ಮೇಲೆ ಗೆರೆ ಎಳೆದ ಕಪ್ಪು ಬಟ್ಟೆ. ಬಲದಿಂದ ಎಡಕ್ಕೆ ಪೆನ್ನಿ, ಶಿಲ್ಲಿಂಗ್, ಪೌಂಡ್, ಇಪ್ಪತ್ತು ಪೌಂಡ್, ನೂರು, ಸಾವಿರ ಹೀಗೆ ಕಂಬಸಾಲು.

ಶೆರಿಫ್ (ಜಿಲ್ಲೆಯಲ್ಲಿ ರಾಜನ ಪರವಾಗಿ ಹಣ ವಸೂಲಿ ಮಾಡುವ ಅಧಿಕಾರಿ) 243 ಪೌಂಡ್ 7 ಶಿಲ್ಲಿಂಗ್ ಕಟ್ಟಬೇಕು ಅನ್ನಿ. ನೂರರ ಮನೆಯಲ್ಲಿ 2 ಬಿಲ್ಲೆ, ಇಪ್ಪತ್ತರಲ್ಲಿ 2, ಪೌಂಡಿನಲ್ಲಿ 3, ಶಿಲ್ಲಿಂಗಿನಲ್ಲಿ 7. ಕಟ್ಟಿದ್ದು 180, ಅದನ್ನು ಕೆಳಸಾಲಿನಲ್ಲಿ ಇಡಬೇಕು: ನೂರರಲ್ಲಿ 1, ಇಪ್ಪತ್ತರಲ್ಲಿ 4. ಎರಡರಲ್ಲಿ ನಾಲ್ಕು ಹೋಗದು. ಮೇಲಿನ ಒಂದು ನೂರನ್ನು ಮುರಿದು ಐದು ಇಪ್ಪತ್ತು ಮಾಡಿದರೆ 7 ಆಗುತ್ತದೆ. ಬಾಕಿ 63 ಪೌಂಡ್ 7 ಶಿಲ್ಲಿಂಗ್. ಬರಹವೆಲ್ಲ ರೋಮನ್ ಅಂಕಿಯಲ್ಲಿದ್ದ ಕಾಲ, ಸೊನ್ನೆ ಇಲ್ಲದವರ ಪಾಡಿಗೆ ಇದು ಸೊಗಸಾದ ಉಪಾಯ.

ಬ್ಯಾಂಕಿನ ಚೆಕ್ ಮೊದಲು ಹಣದ ಚೀಟಿ ಆಗಿರಲಿಲ್ಲ, 18ನೇ ಶತಮಾನದ ಆರಂಭದಲ್ಲಿ ಅದು ಕೌಂಟರ್‌ಫಾಯಿಲ್‌ನ ಹೆಸರು. ಚೀಟಿ ತಿದ್ದಿದ್ದಾರೆಯೇ ಎಂದು ತಾಳೆ ನೋಡಲು ಇಟ್ಟುಕೊಳ್ಳುವ ತುಂಡು. ಆಮೇಲೆ ಹೆಸರು ಚೀಟಿಗೇ ಅಂಟಿತು. ‘ಎಕ್ಸ್‌ಚೆಕರ್’ನ ಪ್ರಭಾವದಿಂದ ಬ್ರಿಟಿಷರು ಕೊನೆಗೆ ‘ಕ್ಯು-ಯು-ಇ’ ಬರೆದರು. ಅಮೆರಿಕದವರು ಹಳೆಯ ‘ಸಿ-ಕೆ’ಯನ್ನೇ ಉಳಿಸಿಕೊಂಡರು. ನಮ್ಮ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿರುವುದು ಬ್ರಿಟಿಷ್ ರೂಪ.

ಸಬ್‌ಟೈಟಲ್‌ಗಾರ:
ಅನುವಾದ ಮಾಡುವವರು ಎಡವುವ ಜಾಗ ಒಂದಿದೆ. ಅಮೆರಿಕದ ಹೋಟೆಲಿನಲ್ಲಿ ಊಟ ಮುಗಿಸಿ ‘ಚೆಕ್’ ಕೇಳಿದರೆ ಅದು ಬಿಲ್ಲು. ‘ಬಾಕ್ಸ್ ಚೆಕ್ ಮಾಡಿ’ ಅಂದರೆ ಪರೀಕ್ಷಿಸುವುದಲ್ಲ, ರೈಟ್ ಗುರುತು ಹಾಕುವುದು; ಬ್ರಿಟಿಷರಿಗೆ ಅದು ‘ಟಿಕ್’. ‘ರೇನ್‌ಚೆಕ್’ ಮಳೆಯ ತಪಾಸಣೆಯಲ್ಲ. ಮಳೆಯಿಂದ ಬೇಸ್‌ಬಾಲ್ ಪಂದ್ಯ ನಿಂತಾಗ ಮುಂದಿನ ಪಂದ್ಯಕ್ಕೆ ಕೊಡುತ್ತಿದ್ದ ಚೀಟಿ ಅದು, ಈಗ ‘ಇವತ್ತು ಬೇಡ, ಇನ್ನೊಮ್ಮೆ ಬರ್ತೀನಿ’ ಅನ್ನಲು ಬಳಸುತ್ತಾರೆ. ಇನ್ನು ಚೆಕ್ ಗಣರಾಜ್ಯದ ‘ಚೆಕ್’ ಈ ಬಳಗದ್ದೇ ಅಲ್ಲ, ಅದು ಅಲ್ಲಿನ ಜನಾಂಗದ ಹೆಸರು.