ಕೇದಾರಕಂಠಕ್ಕೆ ಕ್ಲಬ್ ಜತೆ ಹೋಗಲೋ, ಕಂಪನಿ ಜತೆಯೋ? ಹೋಗಿ ಬಂದವರು ಹೇಳಿ

ಹೊಸಬ, ತುಮಕೂರು
ವಯಸ್ಸು 44. ನಮ್ಮ ಚಾರಣ ಕ್ಲಬ್ಬಿನವರು ಡಿಸೆಂಬರ್‌ನಲ್ಲಿ ಉತ್ತರಾಖಂಡದ ಹಿಮಾಲಯದಲ್ಲಿರುವ ಕೇದಾರಕಂಠಕ್ಕೆ ಹೊರಟಿದ್ದಾರೆ. ಅದಕ್ಕೂ ಮೊದಲು ಅಕ್ಟೋಬರ್‌ನಲ್ಲಿ ಕುಮಾರ ಪರ್ವತ ಹತ್ತಿ ತೋರಿಸಬೇಕಂತೆ. ಚಾರಣ ಕಂಪನಿಯವರು ದುಡ್ಡು ಕಟ್ಟಿದರೆ ಸಾಕು ಅಂತಾರೆ. ಬಲ ಮಂಡಿ ಸ್ವಲ್ಪ ನೋವಿದೆ. ಯಾವುದು ವಾಸಿ?

ಚಾಮುಂಡಿ ಮೆಟ್ಟಿಲು
ನಾನು ಕಂಪನಿ ಜತೆ ಹೋದವನು. ಊಟ, ಟೆಂಟ್ ಚೆನ್ನಾಗಿತ್ತು. ಆದರೆ ಜಾಹೀರಾತಿನ 9,500 ನಂಬಬೇಡಿ. ಜಿಎಸ್‌ಟಿ 475. ಡೆಹ್ರಾಡೂನ್‌ನಿಂದ ಚಾರಣ ಶುರುವಾಗುವ ಸಾಂಕ್ರಿ ಊರಿಗೆ ಹೋಗಿ ಬರಲು ಗಾಡಿ 2,400. ಬ್ಯಾಗ್ ಹೊರುವ ಹೇಸರಗತ್ತೆಗೆ 1,600. ವಿಮಾನ 13,800. ವಾಪಸ್ ಬರುವಾಗ ಹಿಮ ಬಿದ್ದು ರಸ್ತೆ ಬಂದ್, ದೆಹಲಿಯಲ್ಲಿ ವಿಮಾನ ತಪ್ಪಿತು, ಹೊಸ ಟಿಕೆಟ್‌ಗೆ 9,200. ಒಟ್ಟು 37 ಸಾವಿರಕ್ಕೆ 25 ರೂಪಾಯಿ ಕಮ್ಮಿ. ಚೀಟಿ ಇನ್ನೂ ಇಟ್ಟುಕೊಂಡಿದ್ದೇನೆ.

ಗಿರಿಗದ್ದೆ ಅಕ್ಕ
ದುಡ್ಡಿದ್ದವರ ಮಾತು! ನಾನು ಕ್ಲಬ್ಬಿನವಳು. ಕುಮಾರ ಪರ್ವತವನ್ನು ಕುಕ್ಕೆ ಕಡೆಯಿಂದ ಹತ್ತಿಸಿದರು. ಒಂದು ಕಡೆಗೇ 13 ಕಿ.ಮೀ. ಹತ್ತಿರ. ದಾರಿಯಲ್ಲಿ ಸಿಗುವ ಭಟ್ಟರ ಮನೆಯ ಅನ್ನ ಸಾರು ತಿಂದು ಹೊರಟರೆ ಬಿಸಿಲಿಗೆ ಕಲ್ಲು ಮಂಟಪ ಬರುವಷ್ಟರಲ್ಲಿ ನೀರು ಖಾಲಿ. ತುದಿಗೂ ಮೊದಲು ಬರುವ ಶೇಷ ಪರ್ವತಕ್ಕೆ ತಲುಪಿದ್ದು ತಡವಾಯಿತು ಅಂತ ಲೀಡರ್ ಅಲ್ಲಿಂದಲೇ ವಾಪಸ್ ಕಳಿಸಿದರು. ಹಿಮಾಲಯದ ಪಟ್ಟಿಯಿಂದಲೂ ಹೆಸರು ತೆಗೆದರು. ಕಟ್ಟಿದ್ದ ಮುಂಗಡ 3,000 ಹೋಯಿತು, ಸಿಟ್ಟು ಇನ್ನೂ ಇದೆ. ಮುಂದಿನ ವರ್ಷ ಅದೇ ಕ್ಲಬ್ ಜತೆ ಹೋಗಿ ಕೇದಾರಕಂಠ ಹತ್ತಿದೆ. ಕುಮಾರ ಪರ್ವತವನ್ನು ಕುಕ್ಕೆಯಿಂದ ಹತ್ತದವರು ಹಿಮಾಲಯದ ಮಾತು ಆಡಬಾರದು.

ಸೋಮವಾರಪೇಟೆ ಕಡೆಯವ
ಹಾಗಾದರೆ ಬೀದಳ್ಳಿ ಕಡೆಯಿಂದ ಹತ್ತುವ ನಾವೆಲ್ಲ ಸುಮ್ನೆ ವಾಕಿಂಗ್ ಹೋಗ್ತಿದ್ದೀವಾ ಅಕ್ಕ? ಬನ್ನಿ ಒಮ್ಮೆ, ಒದ್ದೆ ಬಂಡೆ ಮೇಲೆ ಕೈ ಊರಿ ಹತ್ತಿ, ಆಮೇಲೆ ಮಾತಾಡೋಣ. ಗುಡ್ಡ ಹಾಳಾಗಿದ್ದೇ ನಿಮ್ಮ ಬೆಂಗಳೂರು ಬ್ಯಾಚ್‌ಗಳಿಂದ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಬಂದ ಜಾತ್ರೆ ನೋಡಿದಿರಲ್ವಾ? ಅದಾದ ಮೇಲೇ ಸರ್ಕಾರ ಚಾರಣ ನಿಲ್ಲಿಸಿ, ಆನ್‌ಲೈನ್ ಟಿಕೆಟ್ ಮಾಡಿ, ದಿನಕ್ಕೆ 300 ಜನ ಅಂತ ಕಟ್ಟು ಹಾಕಿದ್ದು. ಈಗ ಪಕ್ಕದ ಊರಿನ ನನಗೂ ವಾರಾಂತ್ಯಕ್ಕೆ ಟಿಕೆಟ್ ಸಿಗಲ್ಲ.

ರಿಟೈರ್ಡ್ ಮೇಷ್ಟ್ರು
ಕುಮಾರ ಪರ್ವತ 1,712 ಮೀಟರ್. ಕೇದಾರಕಂಠ 3,800. ಕಾಲಿನ ಶಕ್ತಿ ಬೇರೆ, ಎತ್ತರದ ಗಾಳಿ ಬೇರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ನನ್ನ ಜತೆಗಿದ್ದ ಜಿಮ್ ಹುಡುಗ ಮೊದಲು ಮಲಗಿದ. ತಲೆನೋವು, ವಾಂತಿ. ನಾನು 61ರಲ್ಲಿ ಮೆಲ್ಲಗೆ ಹತ್ತಿ ತುದಿ ಮುಟ್ಟಿದೆ. ಕಂಪನಿ ಆಗಲಿ ಕ್ಲಬ್ ಆಗಲಿ, ತಲೆನೋವು ಅಂದರೆ ಇಳಿಸುತ್ತಾರಾ ಕೇಳಿ. ಎತ್ತರದ ತೊಂದರೆಗೆ ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಡಾಕ್ಟರ್ ಕೇಳದೆ ನುಂಗಬೇಡಿ, ಸಲ್ಫಾ ಅಲರ್ಜಿ ಇದ್ದವರು ಮೊದಲೇ ಹೇಳಬೇಕು.

ಚಾಮುಂಡಿ ಮೆಟ್ಟಿಲು
ಮೇಷ್ಟ್ರೇ, ಕ್ಲಬ್ಬುಗಳ ಬಗ್ಗೆ ಅಷ್ಟು ನಂಬಿಕೆ ಯಾಕೆ? 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ನಮ್ಮ ರಾಜ್ಯದ 9 ಜನ ತೀರಿಹೋದರು. ಮರೆತಿರಾ?

ರಿಟೈರ್ಡ್ ಮೇಷ್ಟ್ರು
ಮರೆತಿಲ್ಲ. ಹಿಮಗಾಳಿಗೆ ಸಿಕ್ಕಿ ಸತ್ತವರನ್ನು ನಿಮ್ಮ ವಾದಕ್ಕೆ ಎಳೆಯಬೇಡಿ. ಹಿಮಗಾಳಿ ರಸೀದಿ ನೋಡಿ ಬೀಸುವುದಿಲ್ಲ.

ಮಂಡಿನೋವಿನವ
ಯಾರೂ ಮಂಡಿ ಬಗ್ಗೆ ಹೇಳಲೇ ಇಲ್ಲ. ನನ್ನದು ಹತ್ತುವಾಗ ಸುಮ್ಮನಿತ್ತು, ಇಳಿಯುವಾಗ ಚುಚ್ಚಲು ಶುರು. ಎಂಆರ್‌ಐ 6,500, ಫಿಸಿಯೋಗೆ ಸಲಕ್ಕೆ 500. ಎರಡು ಕೋಲು ತಗೊಳ್ಳಿ. ಒಂದಲ್ಲ, ಎರಡು. ಹೊಸ ಶೂ ಹಾಕಿ ಮೊದಲ ಸಲ ಬೆಟ್ಟಕ್ಕೇ ಹೋಗಬೇಡಿ. ನನ್ನ 4,200ರ ಶೂ ಅಟ್ಟೆ ಭಟ್ಟರ ಮನೆ ಹತ್ತಿರವೇ ಬಾಯಿ ಬಿಟ್ಟಿತು, ಹಗ್ಗ ಕಟ್ಟಿಕೊಂಡು ಇಳಿದೆ. ಮತ್ತೆ ಅಕ್ಟೋಬರ್ ಅಂದರೆ ಜಿಗಣೆ ಇರುತ್ತೆ, ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ.

ಸೋಮವಾರಪೇಟೆ ಕಡೆಯವ
ಉಪ್ಪು ಮಳೆಗೆ ಕರಗಿ ಹೋಗುತ್ತೆ ಸ್ವಾಮಿ. ಹೊಗೆಸೊಪ್ಪು, ಸುಣ್ಣ ಎಣ್ಣೆಯಲ್ಲಿ ಕಲಸಿ ಕಾಲಿಗೆ ಹಚ್ಚಿ.

ಗಿರಿಗದ್ದೆ ಅಕ್ಕ
ಹಚ್ಚಿಕೊಂಡು ನನ್ನ ತಂಗಿಗೆ ಮೈಯೆಲ್ಲ ಗಂದೆ ಎದ್ದಿತ್ತು. ಉದ್ದ ಸಾಕ್ಸ್ ಸಾಕು.

ಸೋಮವಾರಪೇಟೆ ಕಡೆಯವ
ಸಾಕ್ಸ್ ಒಳಗೆ ಹೋದ ಜಿಗಣೆ ಹೊರಗೆ ಬರೋದು ಬಸ್ಸಿನಲ್ಲಿ, ಅಕ್ಕ.