ಹೂಳು ತೆಗೆದರೂ ಚರಂಡಿ ಉಕ್ಕುತ್ತಿದೆ, ಅಗಲ ಮಾಡಿಸಿದರೆ ಸರಿಹೋಗುತ್ತಾ? (ಬಳ್ಳಾರಿ)

ಗುಡ್ಡದ_ಮಗ್ಗುಲು: ನಮ್ಮ ಓಣಿ ಗುಡ್ಡದ ಬುಡದಲ್ಲೇ ಇದೆ. ಮೇಲೆಲ್ಲಾ ಬರೀ ಬಂಡೆ, ಬಿದ್ದ ಮಳೆ ಇಂಗುವುದೇ ಇಲ್ಲ. ರಸ್ತೆ ಬದಿಯ ಕಾಂಕ್ರೀಟ್ ಚರಂಡಿ 2 ಅಡಿ ಅಗಲ, ಎರಡೂವರೆ ಅಡಿ ಆಳ. ಬೇಸಿಗೆಯಲ್ಲಿ ಹೂಳು ತೆಗೆಸಿದ್ದಾರೆ, ಆದರೂ ಅರ್ಧ ಗಂಟೆ ಜೋರು ಮಳೆ ಬಂದರೆ ಮನೆಯೊಳಗೆ ನೀರು. ಅಗಲ ಮಾಡಿಸಿ ಅಂತ ಓಣಿಯವರು ಅರ್ಜಿ ಬರೆಯುತ್ತಿದ್ದಾರೆ. ಸಹಿ ಹಾಕಲಾ?

ಮೋರಿ_ಮೇಸ್ತ್ರಿ: ತಡೀರಿ ಅಣ್ಣಾ. ವಾಟ ಎಷ್ಟಿದೆ? ಲೆವೆಲ್ ಪೈಪ್ ಹಿಡಿದು ನೋಡಿ. ನೀರು ಎಷ್ಟು ಜಾಗದಿಂದ ಬರುತ್ತೆ, ರಸ್ತೆ ದಾಟುವಲ್ಲಿ ಏನು ಹಾಕಿದ್ದಾರೆ ಅಂತಾನೂ ಹೇಳಿ.

ಗುಡ್ಡದ_ಮಗ್ಗುಲು: 50 ಮೀಟರಿಗೆ 10 ಸೆಂಟಿಮೀಟರ್ ಇಳಿಯುತ್ತೆ. ಜಾಗ ಸುಮಾರು 10 ಎಕರೆ. ಕ್ರಾಸಿನಲ್ಲಿ ಒಂದೂವರೆ ಅಡಿ ವ್ಯಾಸದ ಹ್ಯೂಮ್ ಪೈಪ್ (ಸಿಮೆಂಟ್ ಪೈಪ್), ಒಂದೇ.

ಮೋರಿ_ಮೇಸ್ತ್ರಿ: ಅಲ್ಲೇ ಇದೆ ನೋಡಿ. ಚರಂಡಿ ಎಷ್ಟು ನೀರು ಒಯ್ಯುತ್ತೆ ಅಂತ ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರಕ್ಕೆ ಕಾಂಕ್ರೀಟಿನ ಒರಟುತನ 0.015 ಹಾಕಿದರೆ ನಿಮ್ಮ ಚರಂಡಿ ತುಂಬಿ ಹರಿದಾಗ ಸೆಕೆಂಡಿಗೆ ಸುಮಾರು 480 ಲೀಟರ್ ಒಯ್ಯುತ್ತೆ, ಅದೇ ವಾಟದಲ್ಲಿ ಆ ಪೈಪ್ ಒಯ್ಯುವುದು ಬರೀ 110. ಮೇಲೆ ನಿಂತ ನೀರಿನ ಒತ್ತಡಕ್ಕೆ ಸ್ವಲ್ಪ ಜಾಸ್ತಿ ಹೋಗಬಹುದು, ಅಷ್ಟೇ. ಇನ್ನು ಬರುವ ನೀರು: ಗಂಟೆಗೆ 60 ಮಿ.ಮೀ. ಲೆಕ್ಕದಲ್ಲಿ ಸುರಿದು ನೂರಕ್ಕೆ 70 ಪಾಲು ಹರಿದರೆ 470 ಲೀಟರ್. ಚರಂಡಿಗೆ ಸರಿಯಾಗಿ ಸಾಕು. ಬಂಡೆಯೇ ಜಾಸ್ತಿ ಇದ್ದು 90 ಪಾಲು ಬಂದರೆ 600 ದಾಟುತ್ತೆ, ಆಗ ಚರಂಡಿಯೂ ಸಾಲದು, ಆದರೆ ಪೈಪ್ ಹಾಗೇ ಬಿಟ್ಟು ಚರಂಡಿ ಅಗಲ ಮಾಡಿದರೆ ದುಡ್ಡು ಸುಮ್ನೆ ನೀರಿಗೆ ಹಾಕಿದ ಹಾಗೆ.

ಎರೆಹೊಲ: ಹೂಳನ್ನೂ ಹಗುರವಾಗಿ ನೋಡಬೇಡಿ. ಅರ್ಧ ಆಳ ತುಂಬಿದರೆ ಅರ್ಧ ನೀರು ಹೋಗುತ್ತೆ ಅಂದುಕೊಳ್ಳುತ್ತಾರೆ. ತಳ ಒರಟಾಗುತ್ತಲ್ಲ, ಒರಟುತನ 0.025 ಹಿಡಿದರೆ ಈ ಚರಂಡಿಯಲ್ಲೇ 480 ಹೋಗಿ ಸುಮಾರು 120ಕ್ಕೆ ಬರುತ್ತೆ, ಕಾಲು ಭಾಗ! ಗಾಡಿ ಹತ್ತಿಸಲು ಮನೆ ಮುಂದೆ ಚರಂಡಿಯೊಳಗೇ ಸಣ್ಣ ಪೈಪ್ ಇಟ್ಟು ಮುಚ್ಚಿದವರು ಇದ್ದಾರಾ, ಅದನ್ನೂ ನೋಡಿ.

ಗುಡ್ಡದ_ಮಗ್ಗುಲು: ಇಬ್ಬರು ಇದ್ದಾರೆ. ಒಬ್ಬರು ಅರ್ಜಿ ಬರೆಯುತ್ತಿರುವವರೇ 😄 ಪೈಪೇ ಕಾರಣ ಅಂತ ಖಾತ್ರಿ ಮಾಡಿಕೊಳ್ಳೋದು ಹೇಗೆ?

ಮೋರಿ_ಮೇಸ್ತ್ರಿ: ಮಳೆ ಬರುವಾಗ ದೂರ ನಿಂತು ಕ್ರಾಸಿನ ಎರಡೂ ಬದಿ ಫೋಟೋ ತೆಗೀರಿ, ನೀರಿಗೆ ಮಾತ್ರ ಇಳಿಯಬೇಡಿ. ಮೇಲಿನ ಬದಿ ಉಕ್ಕಿ ಕೆಳಗಿನ ಬದಿ ಅರ್ಧ ಖಾಲಿ ಇದ್ದರೆ ಪೈಪೇ ಕಾರಣ. ಎರಡೂ ಕಡೆ ತುಂಬಿದ್ದರೆ ತೊಂದರೆ ಇನ್ನೂ ಕೆಳಗಿದೆ, ದೊಡ್ಡ ನಾಲಾದವರೆಗೂ ನಡೆದು ನೋಡಬೇಕು. ಪೈಪೇ ಅಂತಾದರೆ ಅರ್ಜಿಯಲ್ಲಿ ಮೊದಲು ಚರಂಡಿಯಷ್ಟೇ ಅಗಲದ ಬಾಕ್ಸ್ ಕಲ್ವರ್ಟ್ (ರಸ್ತೆ ಕೆಳಗಿನ ಚೌಕ ಕಾಂಕ್ರೀಟ್ ಮೋರಿ) ಕೇಳಿ, ಫೋಟೋ ಲಗತ್ತಿಸಿ.