ಆಕಾರವೇ ಇಲ್ಲದ ಪ್ರೋಟೀನ್ ತುಂಡಿಗೆ ಉಸಿರಾಟದ ಸರಪಳಿಯಲ್ಲಿ ಏನು ಕೆಲಸ?

ಗಂಗೋತ್ರಿ ಹುಡುಗ: ಇವತ್ತು ಕ್ಲಾಸಲ್ಲಿ ಮೈಟೋಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಒದಗಿಸೋ ಭಾಗ) ಕಾಂಪ್ಲೆಕ್ಸ್ 1ರ ಕ್ರಯೋ-ಇಎಂ ನಕ್ಷೆ, ಅಂದ್ರೆ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ರಚನೆ ನೋಡಿದ್ವಿ. ಎಲೆಕ್ಟ್ರಾನ್ ದಾಟಿಸೋ ಉಸಿರಾಟದ ಸರಪಳಿಯಲ್ಲಿ ಇದು ಮೊದಲ ಪ್ರೋಟೀನ್ ಗುಂಪು. 45 ಉಪಘಟಕ (ಬಿಡಿ ಪ್ರೋಟೀನ್), ತೂಕ ಸುಮಾರು 10 ಲಕ್ಷ ಡಾಲ್ಟನ್. ಆದರೂ ಅಲ್ಲಲ್ಲಿ ಅಮೈನೋ ಆಮ್ಲಗಳ ಸರಣಿ ಕಡಿದುಹೋಗಿ ಏನೂ ಕಾಣಲ್ಲ. ಮಡಚಿಕೊಳ್ಳದೆ ಅಲ್ಲಾಡ್ತಾ ಇರೋ ಈ ಸಡಿಲ ಭಾಗಗಳಿಗೂ ದೊಡ್ಡ ಕೆಲಸ ಇದೆ ಅಂತೀನಿ. ಇಲ್ಲ ಅನ್ನೋರು ಬನ್ನಿ.

ಮಂಡ್ಯ ಮೇಷ್ಟ್ರು: "ಏನೂ ಕಾಣಲ್ಲ" ಅಂತ ನೀನೇ ಬರ್ದಿದ್ದೀಯಲ್ಲಪ್ಪ. ಕಾಣದ್ದಕ್ಕೆ ಕೆಲಸ ಅಂಟಿಸೋದು ವಿಜ್ಞಾನ ಅಲ್ಲ. ಎಲೆಕ್ಟ್ರಾನ್ ಒಂದು ಕೇಂದ್ರದಿಂದ ಇನ್ನೊಂದಕ್ಕೆ ದಾಟಬೇಕಾದ್ರೆ ಅಂತರ 14 ಆಂಗ್‌ಸ್ಟ್ರಾಮ್ (ಒಂದು ಅಂದ್ರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ಒಳಗಿರಬೇಕು. ಪ್ರೋಟೀನ್ ಬಿಗಿಯಾಗಿಲ್ದಿದ್ರೆ ಆಗತ್ತಾ?

ಸರಸ್ವತಿಪುರಂ ಬಯೋ: 14 ಅಂದ್ರಲ್ಲ, ಅಲ್ಲೇ ಸಿಕ್ಕಿಬಿದ್ರಿ ಮೇಷ್ಟ್ರೇ. ಅದೇ ಸರಪಳಿಯ ಕಾಂಪ್ಲೆಕ್ಸ್ 3ರಲ್ಲಿ ಎಲೆಕ್ಟ್ರಾನ್ ಸಾಗಿಸೋ ರೀಸ್ಕೆ ಪ್ರೋಟೀನಿನ ತಲೆ ಒಂದೇ ಕಡೆ ನಿಂತ್ರೆ ಆ ಅಂತರ ಕೂಡೋದೇ ಇಲ್ಲ. ಎಲೆಕ್ಟ್ರಾನ್ ಇಸ್ಕೊಳ್ಳೋಕೆ ಸೈಟೋಕ್ರೋಮ್ ಬಿ ಹತ್ರ, ಕೊಡೋಕೆ ಸೈಟೋಕ್ರೋಮ್ ಸಿ1 ಹತ್ರ ಹೋಗಬೇಕು; ಎರಡೂ ಅದೇ ಕಾಂಪ್ಲೆಕ್ಸಿನ ಪ್ರೋಟೀನುಗಳು. 1998ರ ಹರಳು ರಚನೆಗಳನ್ನ (ಪ್ರೋಟೀನನ್ನ ಹರಳುಗಟ್ಟಿಸಿ ಕಂಡವು) ನೋಡಿ: ಕಾಂಪ್ಲೆಕ್ಸನ್ನ ತಡೆಯೋ ಸ್ಟಿಗ್ಮಟೆಲಿನ್ ಸೇರಿಸಿದ್ರೆ ತಲೆ ಬಿ ಕಡೆ ವಾಲಿರತ್ತೆ.

ಮಂಡ್ಯ ಮೇಷ್ಟ್ರು: ಆ ತಲೆ ಗಟ್ಟಿಯಾಗಿ ಮಡಚಿರೋದು ಮೇಡಂ. ಬಾಗಿಲು ತಿರುಗತ್ತೆ ಅಂತ ಅದನ್ನ ಪರದೆ ಅನ್ನಲ್ಲ.

ಸರಸ್ವತಿಪುರಂ ಬಯೋ: ತಲೆ ಬಿಡಿ, ಅದನ್ನ ಹಿಡಿದಿರೋ ಸಡಿಲ ಕತ್ತು ನೋಡಿ. ರೋಡೋಬ್ಯಾಕ್ಟರ್‌ನಲ್ಲಿ ಆ ಕತ್ತಿಗೆ ಪ್ರೋಲಿನ್ ಅನ್ನೋ ಅಮೈನೋ ಆಮ್ಲ ತೂರಿಸಿ ಬಿಗಿ ಮಾಡಿದಾಗ ಕಾಂಪ್ಲೆಕ್ಸಿನ ಕೆಲಸವೇ ಕುಗ್ಗಿತು.

ಮಂಡ್ಯ ಮೇಷ್ಟ್ರು: ರೋಡೋಬ್ಯಾಕ್ಟರ್ ಬ್ಯಾಕ್ಟೀರಿಯಾ. ಮಾತು ಮೈಟೋಕಾಂಡ್ರಿಯಾದ್ದು.

ಕಾವ್ಯ_ಶ್ರೀರಂಗಪಟ್ಣ: ಸಾರ್, ಮೈಟೋಕಾಂಡ್ರಿಯಾ ಹುಟ್ಟಿದ್ದೇ ಆಲ್ಫಾಪ್ರೋಟಿಯೋಬ್ಯಾಕ್ಟೀರಿಯಾದ ನೆಂಟಸ್ತಿಕೆಯಲ್ಲಿ. ರೋಡೋಬ್ಯಾಕ್ಟರ್ ಅದೇ ಗುಂಪಿನದ್ದು.

ಮಂಡ್ಯ ಮೇಷ್ಟ್ರು: ನೆಂಟರಾದ ಮಾತ್ರಕ್ಕೆ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಬರಿಯೋಕಾಗಲ್ಲಮ್ಮ!

ಸರಸ್ವತಿಪುರಂ ಬಯೋ: ನಾನು ಹೇಳಿದ 1998ರ ಹರಳುಗಳಲ್ಲಿ ಕೋಳಿ, ದನದ ಮೈಟೋಕಾಂಡ್ರಿಯಾದವೇ ಇವೆ. ಅದನ್ನ ನುಂಗಿಬಿಟ್ಟು ಬ್ಯಾಕ್ಟೀರಿಯಾ ಒಂದನ್ನೇ ಹಿಡ್ಕೊಂಡ್ರಿ. ಇದು ಚರ್ಚೆ ಮಾಡೋ ರೀತಿನಾ?

ಗಂಗೋತ್ರಿ ಹುಡುಗ: ಕಾಂಪ್ಲೆಕ್ಸ್ 1ಕ್ಕೆ ವಾಪಸ್ ಬನ್ನಿ. ಎನ್‌ಡಿ3 ಉಪಘಟಕದ ಒಂದು ಕುಣಿಕೆ, ಕಾಂಪ್ಲೆಕ್ಸ್ ನಿಷ್ಕ್ರಿಯ ಸ್ಥಿತಿಗೆ ಹೋದಾಗ ಸಡಿಲಾಗಿ 39ನೇ ಅಮೈನೋ ಆಮ್ಲವಾದ ಸಿಸ್ಟೀನ್ ಹೊರಗೆ ತೆರೆದುಕೊಳ್ಳತ್ತೆ.

ಮಂಡ್ಯ ಮೇಷ್ಟ್ರು: "ನಿಷ್ಕ್ರಿಯ" ಅಂದ್ಯಲ್ಲ, ಸಾಕು! ಸಡಿಲಾದಾಗ ಕೆಲಸ ನಿಂತಿರತ್ತೆ.

ಕಾವ್ಯ_ಶ್ರೀರಂಗಪಟ್ಣ: ಅಷ್ಟು ಸಲೀಸಲ್ಲ ಸಾರ್. ಕುಣಿಕೆ ಸಡಿಲಾದ ಈ ತೆರೆದ ರೂಪ ಅಂದ್ರೆ ನಿಷ್ಕ್ರಿಯ ರೂಪ ಅಂತ ಕಾಂಪ್ಲೆಕ್ಸ್ 1ರ ಸಂಶೋಧಕಿ ಜೂಡಿ ಹರ್ಸ್ಟ್ ಕಡೆಯವರು. ದುಡಿಯೋ ಚಕ್ರದಲ್ಲೇ ಅದೂ ಒಂದು ಹಂತ ಅಂತ ಇನ್ನೊಬ್ಬ ಸಂಶೋಧಕ ಲಿಯೊನಿಡ್ ಸಜನೋವ್ ಕಡೆಯವರು.

ಮಂಡ್ಯ ಮೇಷ್ಟ್ರು: ಅವರಲ್ಲೇ ಒಮ್ಮತ ಇಲ್ಲ, ನನ್ನ ಮೇಲೆ ಯಾಕೆ ಮುಗಿಬೀಳ್ತೀರಿ?

ಸರಸ್ವತಿಪುರಂ ಬಯೋ: ಹಾಗಾದ್ರೆ ಯೀಸ್ಟಿನ ಕಾಂಪ್ಲೆಕ್ಸ್ 3ರ ಉಪಘಟಕ ಕ್ಯೂಸಿಆರ್6ಗೆ ಉತ್ತರ ಕೊಡಿ. ಅದರ ಮುಂತುದಿ (ಸರಣಿ ಶುರುವಾಗೋ ತುದಿ) ತುಂಬ ಆಮ್ಲೀಯ ಅಮೈನೋ ಆಮ್ಲಗಳು, ಹರಳಲ್ಲಿ ಅದರ ಬಹುಪಾಲು ಕಾಣೋದೇ ಇಲ್ಲ.

ಮಂಡ್ಯ ಮೇಷ್ಟ್ರು: ಆ ಜೀನ್ ಕಿತ್ತು ಹಾಕಿದ್ರೂ ಯೀಸ್ಟ್ ಉಸಿರಾಡತ್ತೆ ಮೇಡಂ.

ಸರಸ್ವತಿಪುರಂ ಬಯೋ: ಬಿಸಿ ಏರಿಸಿ ನೋಡಿ, ಉಸಿರಾಡಲ್ಲ. ಸಿ1 ಪಕ್ವವಾಗೋದಕ್ಕೇ ತಡೆ ಬೀಳತ್ತೆ.

ಮಂಡ್ಯ ಮೇಷ್ಟ್ರು: ಅದು ಇಡೀ ಜೀನ್ ತೆಗೆದಾಗ. ಬರೀ ಮುಂತುದಿ ತೆಗೆದ ಪ್ರಯೋಗ ತೋರಿಸಿ, ಆಮೇಲೆ ಮಾತಾಡೋಣ.